ತಣ್ಣೀರಿನ ಡೈವಿಂಗ್‌ಗೆ ಯಾವ ಸೂಟ್?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತವರಿಗೆ ಇದು ಅಷ್ಟಾಗಿ ಅರಿವಿಗೆ ಬರುವುದಿಲ್ಲ. ಅಲ್ಲಿನ ನೀರು 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದರಿಂದ 3 ಮಿಲಿಮೀಟರ್ ದಪ್ಪದ ಸೂಟ್ ಸಾಕಾಗುತ್ತದೆ. ಅವರೇ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಹೋದರೆ ನೀರು 10ರಿಂದ 15 ಡಿಗ್ರಿ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ 2ರಿಂದ 4 ಡಿಗ್ರಿ. ಅಂಥ ನೀರಿನಲ್ಲಿ ಬೆರಳು ಮರಗಟ್ಟುತ್ತದೆ, ಉಸಿರಾಟ ಹೆಚ್ಚಿ ಸಿಲಿಂಡರಿನ ಗಾಳಿ ಬೇಗ ಮುಗಿಯುತ್ತದೆ, ಯೋಚನೆಯೂ ಮಂದವಾಗುತ್ತದೆ. ತಕ್ಕ ಸೂಟ್ ಆರಿಸುವುದು ಸುರಕ್ಷತೆಯ ಮೊದಲ ಕೆಲಸ.

ಆಯ್ಕೆ ಶುರುವಾಗಬೇಕಾದದ್ದು ಇಳಿಯುವ ಆಳದ ತಾಪಮಾನದಿಂದ. ಬೇಸಿಗೆಯಲ್ಲಿ ತಂಪು ನಾಡುಗಳ ಸರೋವರಗಳ ಮೇಲ್ನೀರು 20 ಡಿಗ್ರಿ ಇದ್ದರೂ, ಥರ್ಮೋಕ್ಲೈನ್ ಎಂಬ ಪದರ ದಾಟಿದೊಡನೆ ಅದು 10ಕ್ಕಿಂತ ಕೆಳಗೆ ಕುಸಿಯಬಹುದು. ಆದ್ದರಿಂದ ಆ ತಿಂಗಳಲ್ಲಿ, ಆ ಆಳದಲ್ಲಿ ಎಷ್ಟು ಡಿಗ್ರಿ ಎಂದೇ ಸ್ಥಳೀಯ ಡೈವ್ ಕೇಂದ್ರದವರನ್ನು ಕೇಳಬೇಕು. ನೀರಿನಲ್ಲಿ ಎಷ್ಟು ಹೊತ್ತು, ದಿನಕ್ಕೆ ಎಷ್ಟು ಡೈವ್ ಎಂಬುದೂ ಮುಖ್ಯ; ಮೊದಲ ಡೈವ್‌ನಲ್ಲಿ ಕಳೆದುಕೊಂಡ ಶಾಖ ಎರಡನೆಯದರ ಹೊತ್ತಿಗೆ ಪೂರ್ತಿ ಮರಳಿರುವುದಿಲ್ಲ. ತೆಳ್ಳಗಿನ ಮೈಕಟ್ಟಿನವರಿಗೆ ಚಳಿ ಇನ್ನೂ ಬೇಗ ಹತ್ತುತ್ತದೆ.

ಸ್ಥೂಲವಾದ ಲೆಕ್ಕ ಹೀಗಿದೆ: 24 ಡಿಗ್ರಿಗಿಂತ ಮೇಲೆ 3 ಮಿ.ಮೀ., 18ರಿಂದ 24ರವರೆಗೆ 5 ಮಿ.ಮೀ., ಅದಕ್ಕಿಂತ ತಣ್ಣಗಿದ್ದರೆ ಹುಡ್ ಸಹಿತ 7 ಮಿ.ಮೀ. ವೆಟ್‌ಸೂಟ್ ಅಥವಾ ನೀರು ತೀರಾ ಕಡಿಮೆ ಒಳಬರುವ ಸೆಮಿ-ಡ್ರೈ ಸೂಟ್, 10 ಡಿಗ್ರಿಯಿಂದ ಕೆಳಗೆ ಡ್ರೈಸೂಟ್. ದಿನಕ್ಕೆ ಎರಡು ಮೂರು ಡೈವ್ ಮಾಡುವವರು 15 ಡಿಗ್ರಿಯಲ್ಲೇ ಡ್ರೈಸೂಟ್‌ಗೆ ಹೋಗುವುದು ಉತ್ತಮ.

ಈ ಲೆಕ್ಕದಲ್ಲಿ ಆಳ ಸೇರಿಲ್ಲ, ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ವೆಟ್‌ಸೂಟ್ ಮಾಡುವುದು ನಿಯೋಪ್ರೀನ್ ಎಂಬ ರಬ್ಬರ್ ನೊರೆಯಿಂದ. ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ವೆಟ್‌ಸೂಟನ್ನು ರೂಪಿಸಿದಾಗ ಕಂಡುಕೊಂಡ ತತ್ವ ಸರಳ: ಮೈ ಒದ್ದೆಯಾದರೆ ತೊಂದರೆಯಿಲ್ಲ, ನೊರೆಯೊಳಗೆ ಸೆರೆಸಿಕ್ಕ ಅನಿಲದ ಗುಳ್ಳೆಗಳು ಶಾಖವನ್ನು ತಡೆಯುತ್ತವೆ. ಆದರೆ 10 ಮೀಟರ್ ಇಳಿದರೆ ಒತ್ತಡ ಮೇಲ್ಮೈಯದರ ಎರಡು ಪಟ್ಟು, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, ಸೂಟ್ ತೆಳ್ಳಗಾಗುತ್ತದೆ. ಅಂಗಡಿಯಲ್ಲಿ 7 ಮಿ.ಮೀ. ಇದ್ದದ್ದು ತೀರಾ ತಣ್ಣನೆಯ ತಳದಲ್ಲಿ 7 ಆಗಿ ಉಳಿಯುವುದೇ ಇಲ್ಲ. ನೂರಾರು ಡೈವ್ ಕಂಡ ಹಳೆಯ ಸೂಟ್‌ನಲ್ಲಿ ಗುಳ್ಳೆಗಳು ಕಾಯಂ ಆಗಿಯೇ ಚಪ್ಪಟೆಯಾಗಿರುತ್ತವೆ. ಬಾಡಿಗೆಗೆ ಪಡೆಯುವಾಗ ಮೊಣಕಾಲು, ಬೆನ್ನಿನ ಭಾಗವನ್ನು ಹಿಸುಕಿ ನೋಡಬೇಕು.

ಡ್ರೈಸೂಟ್ ಕೆಲಸ ಮಾಡುವ ಬಗೆಯೇ ಬೇರೆ. ಕುತ್ತಿಗೆ, ಮಣಿಕಟ್ಟುಗಳ ಸೀಲ್ ನೀರನ್ನು ಹೊರಗಿಡುತ್ತವೆ. ಒಳಗಿನ ಗಾಳಿ ಮತ್ತು ಒಳ ಉಡುಪು ಮೈ ಬೆಚ್ಚಗಿಡುತ್ತವೆ. ನೈಲಾನ್ ಪದರಗಳ ನಡುವೆ ಬ್ಯೂಟೈಲ್ ರಬ್ಬರ್ ಇರುವ ಟ್ರೈಲ್ಯಾಮಿನೇಟ್ ಹಗುರ, ಬೇಗ ಒಣಗುತ್ತದೆ, ಆಳದಲ್ಲಿ ಗುಣ ಬದಲಾಗುವುದಿಲ್ಲ. ಆದರೆ ಅದಕ್ಕೆ ತನ್ನದೇ ಬಿಸಿ ಇಲ್ಲ. ಒಳಗೆ ಫ್ಲೀಸ್, ಥಿನ್ಸುಲೇಟ್ ಅಥವಾ ಮೆರಿನೊ ಉಣ್ಣೆ ತೊಡಲೇಬೇಕು. ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಅದೇ ಮೈಯನ್ನು ತಣ್ಣಗಾಗಿಸುತ್ತದೆ. ನಿಯೋಪ್ರೀನ್ ಡ್ರೈಸೂಟ್ ಸ್ವತಃ ಬೆಚ್ಚಗಿದ್ದರೂ ಭಾರ, ಒಣಗಲು ಹೊತ್ತು ಬೇಕು. ವಿಮಾನದಲ್ಲಿ ಹೊತ್ತೊಯ್ಯುವವರಿಗೆ ಟ್ರೈಲ್ಯಾಮಿನೇಟ್ ಸೂಕ್ತ.

ಅಳತೆ ನೋಡುವುದು ಮುಂದಿನ ಹೆಜ್ಜೆ. ಬ್ರ್ಯಾಂಡ್ ಯಾವುದೆಂಬುದಕ್ಕಿಂತ ಇದು ಹೆಚ್ಚು ಮುಖ್ಯ. ವೆಟ್‌ಸೂಟ್ ಮೈಗೆ ಅಂಟಿದಂತಿರಬೇಕು. ಸೊಂಟದ ಹಿಂಭಾಗ, ಕಂಕುಳು, ತೊಡೆಸಂದಿಯಲ್ಲಿ ಸಡಿಲವಿದ್ದರೆ ಪ್ರತಿ ಚಲನೆಗೂ ತಣ್ಣೀರು ಒಳನುಗ್ಗುತ್ತದೆ. ಸಡಿಲವಾದ 7 ಮಿ.ಮೀ. ಸೂಟ್‌ಗಿಂತ ಹಿಡಿದು ಕೂರುವ 5 ಮಿ.ಮೀ. ಎಷ್ಟೋ ಮೇಲು. ಡ್ರೈಸೂಟನ್ನು ತೊಡಲಿರುವ ಒಳ ಉಡುಪಿನ ಮೇಲೆಯೇ ಹಾಕಿ ನೋಡಬೇಕು: ಕುಕ್ಕರಗಾಲಲ್ಲಿ ಕೂರಬೇಕು, ಎದೆಯ ಮೇಲೆ ಕೈ ಕಟ್ಟಬೇಕು, ಬೆನ್ನ ಹಿಂದಿನ ಸಿಲಿಂಡರ್ ವಾಲ್ವ್ ಕೈಗೆಟುಕಬೇಕು. ಕುತ್ತಿಗೆಯ ಸೀಲ್ ತಲೆ ಸುತ್ತಿಸುವಷ್ಟು ಬಿಗಿ ಇರಬಾರದು.

ಹುಡ್, ಬೂಟು, ಕೈಗವಸುಗಳನ್ನೂ ಸೂಟ್‌ನ ಭಾಗವೆಂದೇ ಎಣಿಸಬೇಕು. 5 ಮಿ.ಮೀ. ಕೈಗವಸು ತೊಟ್ಟ ಕೈಯಲ್ಲಿ ಬಕಲ್ ಬಿಚ್ಚಲು, ಗಾಳಿ ತುಂಬುವ ಗುಂಡಿ ಹುಡುಕಲು ಆಗುತ್ತದೆಯೇ ಎಂದು ದಡದಲ್ಲೇ ಪರೀಕ್ಷಿಸುವುದು ಒಳ್ಳೆಯದು. ಸೂಟ್ ದಪ್ಪವಾದಷ್ಟೂ ತೇಲುವಿಕೆ ಹೆಚ್ಚುವುದರಿಂದ ಸೊಂಟಪಟ್ಟಿಯ ಸೀಸದ ತೂಕವನ್ನೂ ಹೊಸದಾಗಿ ಲೆಕ್ಕ ಹಾಕಬೇಕು; ಸಿಹಿನೀರಿಗೆ ಕಡಿಮೆ, ಸಮುದ್ರಕ್ಕೆ ಹೆಚ್ಚು.

ಡ್ರೈಸೂಟ್ ಕೊಳ್ಳುವ ಮೊದಲೇ ತರಬೇತಿ ಪಡೆಯಬೇಕು. ಇಳಿಯುವಾಗ ಎದೆಯ ವಾಲ್ವ್‌ನಿಂದ ಗಾಳಿ ತುಂಬದಿದ್ದರೆ ಸೂಟ್ ಮೈಯನ್ನು ಹಿಂಡುತ್ತದೆ. ಏರುವಾಗ ಎಡ ತೋಳಿನ ವಾಲ್ವ್‌ನಿಂದ ಬಿಡದಿದ್ದರೆ ಗಾಳಿ ಹಿಗ್ಗಿ ಡೈವರ್‌ನನ್ನು ರಭಸದಿಂದ ಮೇಲಕ್ಕೆಳೆಯುತ್ತದೆ. ಗಾಳಿ ಕಾಲಿಗೆ ಸೇರಿದರೆ ತಲೆಕೆಳಗಾಗುವುದೂ ಉಂಟು. ಅದರಿಂದ ಹೊರಬರುವ ಕ್ರಮವನ್ನು ಈಜುಕೊಳದಲ್ಲೇ ಬೋಧಕರ ಮುಂದೆ ಅಭ್ಯಾಸ ಮಾಡಿಕೊಳ್ಳಬೇಕು. ಸಿಲ್ಫ್ರಾದಲ್ಲಿ ಡೈವ್ ಮಾಡಬೇಕಾದರೆ ಡ್ರೈಸೂಟ್ ಪ್ರಮಾಣಪತ್ರ ಅಥವಾ ಹಿಂದಿನ ಅನುಭವದ ದಾಖಲೆ ಕೇಳುವುದು ಇದಕ್ಕಾಗಿಯೇ.

ಸೂಟ್ ದುಬಾರಿಯಾದ್ದರಿಂದ ಮೊದಲ ಪ್ರವಾಸಕ್ಕೆ ಅಲ್ಲಿಯೇ ಬಾಡಿಗೆಗೆ ಪಡೆದು, ಒಗ್ಗಿದ ಮೇಲೆ ಕೊಳ್ಳುವುದು ಜಾಣತನ. ಕೊಂಡ ಮೇಲೆ ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು, ಲೋಹದ ಝಿಪ್‌ಗೆ ಮೇಣ ಸವರಬೇಕು. ಲೇಟೆಕ್ಸ್ ಸೀಲ್‌ಗಳು ಬಿಸಿಲು, ಎಣ್ಣೆಗಳಿಂದ ಬೇಗ ಹಾಳಾಗುತ್ತವೆ. ಎಳೆದಾಗ ಸಣ್ಣ ಬಿರುಕು ಕಂಡರೆ ಪ್ರವಾಸಕ್ಕೆ ಮೊದಲೇ ಬದಲಿಸಬೇಕು.