ಇಮ್ಮೊಗದ ಹಾಳೆ

ಉಚ್ಚಂಗಿದುರ್ಗದ ಕೋಟೆಯ ಹೊಂಡದ ಮೇಲೆ ಗಾಳಿ ಸುಳಿದಾಗ ಕಿರುದೆರೆಗಳೇಳುತ್ತವೆ. ಲಂಡನ್ನಿನ ಕ್ಲ್ಯಾಪಮ್ ಬಯಲಿನ ಕೊಳವೊಂದರಲ್ಲಿಯೂ ಇಂತಹ ತೆರೆಗಳೆದ್ದಿದ್ದವು. ಬೆಂಜಮಿನ್ ಫ್ರಾಂಕ್ಲಿನ್ ಅದಕ್ಕೆ ಒಂದು ಚಮಚದಷ್ಟು ಎಣ್ಣೆ ಸುರಿದನು. ಸುಮಾರು ಅರ್ಧ ಎಕರೆ ನೀರು ತೆರೆಯಡಗಿ ಶಾಂತವಾಯಿತು. 1774ರಲ್ಲಿ ಈ ಸಂಗತಿ ಪ್ರಕಟವಾಯಿತು. 5 ಮಿಲಿಲೀಟರ್ ಎಣ್ಣೆಯನ್ನು 2000 ಚದರ ಮೀಟರಿಗೆ ಹಂಚಿದರೆ ಪದರದ ದಪ್ಪ 2.5 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಎರಡೂವರೆ ಪಟ್ಟು. ಇದು ಹೆಚ್ಚುಕಡಿಮೆ ಒಂದು ಅಣುವಿನ ಉದ್ದ! ಈ ಸುಲಭವಾದ ಭಾಗಾಕಾರವನ್ನು ಫ್ರಾಂಕ್ಲಿನ್ ಮಾಡಲಿಲ್ಲ.

ಇಂತಹ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ನೀರನ್ನು ಒಲ್ಲದು. ಆದುದರಿಂದ ಅಣುಗಳನ್ನು ಒತ್ತಾಗಿ ಸೇರಿಸಿದಾಗ ಅವು ಹೊಲದ ಜೋಳದ ದಂಟುಗಳಂತೆ ನೀರಿಗೆ ಬೇರೂರಿ ನೆಟ್ಟಗೆ ನಿಲ್ಲುತ್ತವೆ. ಅವುಗಳನ್ನು ಯಾರೂ ಹಿಡಿದು ನಿಲ್ಲಿಸಬೇಕಾಗಿಲ್ಲ. ಹೀಗೆ ಕೆಳಗೊಂದು ಗುಣ, ಮೇಲೊಂದು ಗುಣವುಳ್ಳ ಹಾಳೆ ತಾನಾಗಿಯೇ ಸಿದ್ಧವಾಗುತ್ತದೆ.

ಇದನ್ನು ಅಳೆಯುವ ದಾರಿ ತೋರಿದವಳು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಅಂದು ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ರೋಗಿಗಳಾದ ತಂದೆತಾಯಿಯರ ಆರೈಕೆ, ಅಡಿಗೆಮನೆಯ ಕೆಲಸ ಇವುಗಳ ನಡುವೆ ಆಕೆ ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ತಗಡಿನ ಪಟ್ಟಿಯೊಂದರಿಂದ ಮೇಲಿನ ಪೊರೆಯನ್ನು ತಳ್ಳುತ್ತ, ತಕ್ಕಡಿಗೆ ತೂಗಿಬಿಟ್ಟ ಗುಂಡಿಯಿಂದ ಮೇಲ್ಮೈಯ ಎಳೆತವನ್ನು ಅಳೆದಳು. ಪೊರೆಯನ್ನು ಒಂದು ಮಿತಿಯವರೆಗೆ ಒತ್ತಿದೊಡನೆ ಆ ಎಳೆತ ಥಟ್ಟನೆ ತಗ್ಗತೊಡಗುವುದನ್ನು ಕಂಡಳು. 1891ರಲ್ಲಿ ವಿಜ್ಞಾನಿ ರ‍್ಯಾಲೆಗೆ ಪತ್ರ ಬರೆದಳು. ಅಪರಿಚಿತಳ ಪತ್ರವೆಂದು ಆತ ಅದನ್ನು ಬದಿಗಿಡಲಿಲ್ಲ. ‘ನೇಚರ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು.

ಮುಂದೆ 1917ರಲ್ಲಿ ಲ್ಯಾಂಗ್ಮ್ಯೂರ್ ಅಣುಗಳ ಈ ನಿಲುವನ್ನು ವಿವರಿಸಿದನು. ಅವನ ಸಹೋದ್ಯೋಗಿ ಕ್ಯಾಥರಿನ್ ಬ್ಲಾಜೆಟ್ ಗಾಜನ್ನು ನೀರಿಗೆ ಅದ್ದಿ ಅದ್ದಿ ಎತ್ತಿ, ಪದರದ ಮೇಲೆ ಪದರ ಕೂಡಿಸಿದಳು. ಆದರೆ ಆಸರೆಯಿಲ್ಲದೆ ಒಂಟಿ ಹಾಳೆ ಚದುರಿಹೋಗುತ್ತದೆ. ಈಗಿನ ರಸಾಯನವಿಜ್ಞಾನಿಗಳು ಅಣುಗಳು ಸಾಲುಗೂಡಿದ ಬಳಿಕ ಅವುಗಳನ್ನು ಅಕ್ಕಪಕ್ಕದಲ್ಲಿ ಬೆಸೆಯುತ್ತಾರೆ. ನೀರಿನಿಂದ ಎತ್ತಿದರೂ ಹಾಳೆ ಬಿಡಿಯಾಗದು, ಎರಡು ಮೈಗಳ ಗುಣವೂ ಬೇರೆ ಬೇರೆಯಾಗಿಯೇ ಉಳಿಯುತ್ತದೆ. ರೋಮನರ ಇಮ್ಮೊಗದ ದೇವತೆಯ ನೆನಪಿನಿಂದ ಇದಕ್ಕೆ ‘ಜೇನಸ್’ ಹಾಳೆಯೆಂದು ಹೆಸರು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್, ಜಿ. ಯು. ಕುಲಕರ್ಣಿ ಮತ್ತು ಸಂಗಡಿಗರು ಇದಕ್ಕೆ ಹತ್ತಿರದ ಇನ್ನೊಂದು ದಾರಿ ಹಿಡಿದರು. 2003ರಲ್ಲಿ ಅದು ಪ್ರಕಟವಾಯಿತು. ಕೆಳಗೆ ನೀರು, ಮೇಲೆ ಟಾಲೂಯಿನ್ ಎಂಬ ದ್ರವ, ಇವೆರಡೂ ಬೆರೆಯುವುದಿಲ್ಲ. ಚಿನ್ನದ ಸಂಯುಕ್ತವನ್ನು ಟಾಲೂಯಿನ್ನಿನಲ್ಲಿಯೂ ಅದರಿಂದ ಚಿನ್ನವನ್ನು ಬಿಡಿಸುವ ವಸ್ತುವನ್ನು ನೀರಿನಲ್ಲಿಯೂ ಕರಗಿಸಿಟ್ಟರು. ಎರಡೂ ಸಂಧಿಸಬಲ್ಲ ಸ್ಥಳ ಗಡಿಯೊಂದೇ. ಅಲ್ಲಿಯೇ ಚಿನ್ನದ ಅತಿಸೂಕ್ಷ್ಮ ಹರಳುಗಳು ಹುಟ್ಟಿ, ಒಂದು ಮೈ ನೀರಿಗೂ ಇನ್ನೊಂದು ಟಾಲೂಯಿನ್ನಿಗೂ ತಾಗಿದ ತೆಳುಪೊರೆಯಾಗಿ ನಿಂತವು.