ಹೆಕ್ಸೇನ್ ಕುಡಿದ ಚಿಪ್

ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಚಿತ್ರದುರ್ಗದ ಹಳಿ ಬಂದು ಹುಬ್ಬಳ್ಳಿ ಮಾರ್ಗವನ್ನು ಕೂಡಿಕೊಳ್ಳುತ್ತದೆ. ಆ ಊರಿನವನಾದ ನನಗೆ ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವ ಮೈಕ್ರೋಫ್ಲೂಯಿಡಿಕ್ ಚಿಪ್‌ನ ನಕ್ಷೆ ಮೊದಲ ನೋಟಕ್ಕೇ ಪರಿಚಿತವೆನಿಸಿತು. ಎರಡು ಕಾಲುವೆ ಸೇರಿ, ತುಸು ದೂರ ಜೊತೆಗೆ ಸಾಗಿ, ಮತ್ತೆ ಕವಲೊಡೆಯುತ್ತವೆ. ಅಗಲ 200 ಮೈಕ್ರಾನ್, ಎರಡು ಮೂರು ಕೂದಲೆಳೆಯಷ್ಟು.

ನಮ್ಮ ಚಿತ್ರದುರ್ಗ ಜಿಲ್ಲೆಗೆ ಸಾಲ್ವೆಂಟ್ ಕೆಲಸ ಹೊಸದಲ್ಲ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಅರೆದು ಎಣ್ಣೆ ತೆಗೆದ ಮೇಲೂ ಹಿಂಡಿಯಲ್ಲಿ ನೂರಕ್ಕೆ ಏಳೆಂಟು ಪಾಲು ಎಣ್ಣೆ ಉಳಿದಿರುತ್ತದೆ. ಹೆಕ್ಸೇನ್ ಎಂಬ ಸಾಲ್ವೆಂಟ್‌ನಲ್ಲಿ ತೊಳೆದರೆ ಅದು ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಹೆಕ್ಸೇನ್ ಸುಮಾರು 69 ಡಿಗ್ರಿಗೆ ಕುದಿಯುವುದರಿಂದ ಅದನ್ನು ಆವಿ ಮಾಡಿ, ತಣಿಸಿ, ಮತ್ತೆ ಬಳಸುತ್ತಾರೆ. ಹಿಂಡಿಯನ್ನು ಒಡೆದು ಸಣ್ಣದು ಮಾಡಿಯೇ ಒಳಗೆ ಬಿಡುತ್ತಾರೆ, ಸೋಯಾವನ್ನಂತೂ ತೆಳು ಚಕ್ಕೆಯಾಗಿ ಒತ್ತುತ್ತಾರೆ. ಅಣು ನಡೆಯಬೇಕಾದ ದಾರಿ ಗಿಡ್ಡವಾಗಲಿ ಎಂದು.

ಚಿಪ್‌ನ ಗುಟ್ಟೂ ಅದೇ. ಅಣು ತಾನಾಗಿ ಹರಡುವಾಗ ದೂರ ನೂರು ಪಟ್ಟಾದರೆ ಸಮಯ ಹತ್ತು ಸಾವಿರ ಪಟ್ಟಾಗುತ್ತದೆ. ನಿಂತ ನೀರಿನಲ್ಲಿ ಸಣ್ಣ ಅಣುವೊಂದು 100 ಮೈಕ್ರಾನ್ ದಾಟಲು ನಾಲ್ಕೈದು ಸೆಕೆಂಡು ಸಾಕು. ಒಂದು ಸೆಂಟಿಮೀಟರಿಗೆ ಅರ್ಧ ದಿನ ಬೇಕು.

ನನ್ನ ಮೊದಲ ಚಿಪ್ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನದು. ಅಯೋಡಿನ್ ನೀರಿನಿಂದ ಹೆಕ್ಸೇನ್‌ಗೆ ದಾಟುವುದನ್ನು ನೋಡಲು ಒಂದು ಕಡೆಯಿಂದ ಅಯೋಡಿನ್ ಬೆರೆತ ನೀರು, ಇನ್ನೊಂದು ಕಡೆಯಿಂದ ಹೆಕ್ಸೇನ್ ಬಿಟ್ಟೆ. ಸ್ವಲ್ಪ ಹೊತ್ತಿಗೆ ಕಾಲುವೆಯ ಗೋಡೆಗಳು ಉಬ್ಬಿ, ಹರಿವು ನಿಂತು, ಕೊಳವೆ ಕಿತ್ತುಬಂತು. ಮೂರು ಸಲ ಪಂಪನ್ನೇ ಬೈದೆ. ರಬ್ಬರೇ ಹೆಕ್ಸೇನ್ ಕುಡಿದಿತ್ತು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 2003ರಲ್ಲೇ ಅಳೆದು ಬರೆದಿತ್ತು: ಹೆಕ್ಸೇನ್‌ನಲ್ಲಿ ನೆನೆದ ಪಿಡಿಎಂಎಸ್ ಉದ್ದದಲ್ಲಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ನೀರಿನಲ್ಲಿ ಹಿಗ್ಗುವುದೇ ಇಲ್ಲ. ಮೊದಲು ಬರೀ ನೀರು ಹರಿಸಿ ಪರೀಕ್ಷಿಸಿದ್ದೇ ನನ್ನ ತಪ್ಪು. ಅಂದಿನಿಂದ ದ್ರವ ಬಿಡುವ ಮೊದಲು ಪಾತ್ರೆಯ ಚೂರೊಂದನ್ನು ಅದೇ ದ್ರವದಲ್ಲಿ ರಾತ್ರಿಯಿಡೀ ನೆನೆಸಿ ಅಳೆಯುತ್ತೇನೆ.

ಗಾಜಿನ ಚಿಪ್‌ಗೆ ಬದಲಾಯಿಸಿದ ಮೇಲೂ ಎರಡು ಹರಿವುಗಳ ನಡುವಿನ ಗಡಿ ಅತ್ತಿತ್ತ ಸರಿಯುತ್ತಿತ್ತು. ಹೆಕ್ಸೇನ್ ನೀರಿಗಿಂತ ತೆಳು, ಬೇಗ ಜಾರುತ್ತದೆ. ವೇಗ ಹೊಂದಿಸಲು ದಿನಗಳೇ ಹಿಡಿದವು.

ಕೊನೆಗೊಂದು ಸಂಜೆ ಒಂದು ಕವಲಿನಿಂದ ತೆಳು ನೇರಳೆ ಹೆಕ್ಸೇನ್ ಶೀಶೆಗೆ ತೊಟ್ಟಿಕ್ಕಿತು. ನೀರಿನಲ್ಲಿ ಕಂದಾಗಿ ಕಾಣುವ ಅಯೋಡಿನ್ ಹೆಕ್ಸೇನ್‌ಗೆ ದಾಟಿದರೆ ನೇರಳೆಯಾಗುತ್ತದೆ. ಅಯೋಡಿನ್ ಎಷ್ಟು ಉಳಿದಿದೆ ಎಂದು ತಿಳಿಯಲು ಇನ್ನೊಂದು ಕವಲಿನ ನೀರಿಗೆ ಅನ್ನದ ಗಂಜಿ ಬೆರೆಸಿ ನೋಡಿದೆ. ಹರಿವು ಜೋರಾಗಿದ್ದಾಗ ಗಾಢ ನೀಲಿ, ನಿಧಾನ ಮಾಡಿದಂತೆ ಆ ನೀಲಿ ತಿಳಿಯಾಗುತ್ತ ಬಂತು.