ಒಂದೇ ನೆಲದ ಕಾಫಿಯೂ ಅನೇಕ ಮನೆಗಳ ಹೊಣೆಯೂ



ಹೊಸಪೇಟೆ ಕಂಪ್ಲಿಗಳ ಸೀಮೆಯವರಾದ ನಾವು ಭತ್ತ, ಕಬ್ಬು, ಬಾಳೆಗಳನ್ನು ಚೆನ್ನಾಗಿ ಬಲ್ಲೆವು. ಕಾಫಿಯ ಗಿಡವನ್ನು ಕಂಡವರು ನಮ್ಮಲ್ಲಿ ಕೊಂಚವೇ. ಆದರೂ ಹಂಪೆಯ ಬಂಡೆಗಳ ನಡುವೆ ಹರಿಯುವ ತುಂಗಭದ್ರೆಯ ನೀರಿನಲ್ಲಿ ಒಂದು ಪಾಲು ಭದ್ರಾನದಿಯದು. ಅದು ಚಿಕ್ಕಮಗಳೂರಿನ ಕಾಫಿ ಮಲೆಗಳ ಸೀಮೆಯನ್ನು ಹಾದು ಬರುವದು. ಕಾಫಿಯ ಸಣ್ಣ ಬೆಳೆಗಾರರಿಂದ ನಾವು ಕಲಿಯತಕ್ಕ ಪಾಠವೊಂದುಂಟು. ಅದು ಯಾವದಂದರೆ, ಅನೇಕ ಮನೆಗಳು ಒಂದೇ ಹೆಸರನ್ನು ಹೊತ್ತಾಗ ಪ್ರತಿಯೊಂದು ಮನೆಯೂ ಆ ಹೆಸರಿಗೆ ಹೊಣೆಯಾಗಿರುವದು.

೧. ಒಂದೇ ನೆಲದ ಕಾಫಿ ಎಂದರೇನು? ಬೇರೆ ಸೀಮೆಯ ಬೀಜವನ್ನು ಬೆರಸದೆ, ಒಂದೇ ಸ್ಥಳದಲ್ಲಿ ಬೆಳೆದು ಆ ಸ್ಥಳದ ಹೆಸರಿನಿಂದಲೇ ಮಾರಲ್ಪಡುವ ಕಾಫಿ. ಅರೇಬಿಕಾ ಜಾತಿಯ ಗಿಡವು ಎತ್ತರವಾದ ತಂಪು ಬೆಟ್ಟಗಳಲ್ಲಿ ಮರಗಳ ನೆರಳಿನಲ್ಲಿ ಬೆಳೆಯುವದು. ನೆಲ, ಮಳೆ, ಎತ್ತರ, ಒಣಗಿಸುವ ಕ್ರಮ ಇವೆಲ್ಲವುಗಳಿಂದ ಅದರ ರುಚಿಯುಂಟಾಗುವದು. ಬಾಬಾಬುಡನ್ ಎಂಬ ಸಂತನು ೧೭ನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದನೆಂದು ಪ್ರತೀತಿಯುಂಟು. ೨೦೧೯ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗು ಎಂಬೀ ಮೂರು ಸೀಮೆಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ದೊರೆಯಿತು.

೨. ಮೊದಲು ಈ ಹೆಸರು ಯಾಕೆ ಉಳಿಯಲಿಲ್ಲ? ೧೯೪೨ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿತ್ತು. ಯುದ್ಧಕಾಲದಲ್ಲಿ ಪರದೇಶದ ಪೇಟೆಗಳು ಮುಚ್ಚಿದ್ದರಿಂದ ಈ ಏರ್ಪಾಡು ಅನೇಕರನ್ನು ಕಾಪಾಡಿತು. ಆದರೆ ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರಿದ್ದರಿಂದ ತೋಟದ ಹೆಸರು ಅಳಿಯಿತು. ಈ ಕಡ್ಡಾಯವು ೧೯೯೦ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ ೧೯೯೬ರಲ್ಲಿ ಮುಗಿಯಿತು. ಆಗ ಮತ್ತೊಂದು ಕಷ್ಟವು ತೋರಿಬಂತು. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ೯೮ಕ್ಕಿಂತ ಹೆಚ್ಚು ಮಂದಿ ೧೦ ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳವರು. ಕೆಲವೇ ಮೂಟೆಗಳನ್ನು ಹಿಡಿದು ಒಬ್ಬನೇ ಪೇಟೆಗೆ ಹೋದವನು ವ್ಯಾಪಾರಿ ಹೇಳಿದ ದರಕ್ಕೆ ಕೊಡುವನು. ಆ ಮೂಟೆಗಳು ಗೋದಾಮಿನಲ್ಲಿ ಪುನಃ ಬೆರೆತು ಹೋಗುವವು.

೩. ಸಂಘದಿಂದಾಗುವ ಸಹಾಯವೇನು? ಸಣ್ಣವರು ಕೂಡಿದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಒಣಗಿಸುವ ಕಣ, ಉಗ್ರಾಣ, ಇವು ಎಲ್ಲರಿಗೂ ಸಾಮಾನ್ಯವಾಗುವವು. ಆಂಧ್ರಪ್ರದೇಶದ ಅರಕು ಕಣಿವೆಯಲ್ಲಿ ಆದಿವಾಸಿ ಕುಟುಂಬಗಳು ಹೀಗೆಯೇ ಸಹಕಾರ ಸಂಘವಾಗಿ ಕೂಡಿದವು; ೨೦೧೭ರಲ್ಲಿ ಪ್ಯಾರಿಸ್ ನಗರದಲ್ಲಿ ಅರಕು ಕಾಫಿಯ ಅಂಗಡಿಯೇ ತೆರೆಯಲ್ಪಟ್ಟಿತು.

೪. ಸಂಘದವನ ಹೊಣೆ ಎಂಥದು? ಕೆಂಪಾದ ಹಣ್ಣನ್ನೇ ಆರಿಸಿ ಕೊಯ್ಯಬೇಕು; ಅದೇ ದಿನ ಸಿಪ್ಪೆ ಬಿಡಿಸಬೇಕು; ಲೋಳೆ ಬಿಡುವ ತನಕ ಇಟ್ಟು, ತೊಳೆದು, ಹದವಾಗಿ ಒಣಗಿಸಬೇಕು. ಒಂದು ಮನೆಯವರು ಹಸುರು ಕಾಯಿ ಬೆರಸಿದರೆ ಇಲ್ಲವೆ ಹಣ್ಣನ್ನು ರಾಶಿಯಲ್ಲೇ ಹುಳಿಯಗೊಟ್ಟರೆ, ಆ ದೋಷವು ಕೂಡಿದ ಸರಕಿನಲ್ಲೆಲ್ಲಾ ಹರಡುವದು. ರುಚಿ ನೋಡುವವನು ಯಾರ ಮನೆಯ ಹಣ್ಣೆಂದು ವಿಚಾರಿಸನು. ಇಡೀ ಸರಕನ್ನು ತಳ್ಳಿಬಿಡುವನು. ಆದಕಾರಣ ತೂಕದ ಕಟ್ಟೆಯಲ್ಲಿಯೇ ಪ್ರತಿಯೊಬ್ಬನ ಹಣ್ಣನ್ನು ದಾಕ್ಷಿಣ್ಯವಿಲ್ಲದೆ ಪರೀಕ್ಷಿಸತಕ್ಕದ್ದು.

ಆದರೆ ಬಡವನು ಹಸುರು ಕಾಯನ್ನು ಕೊಯ್ಯುವದು ಯಾವಾಗಲೂ ಮೋಸದಿಂದಲ್ಲ. ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ ಹಣ್ಣು ಮಾಗುವ ತನಕ ಅವನು ಹೇಗೆ ಕಾದಾನು? ಅಂಥವನ ಮೂಟೆಯನ್ನು ತಿರುಗಿಸುವ ಸಂಘವು ಅವನು ಕಾಯುವದಕ್ಕೆ ಬೇಕಾದ ಮುಂಗಡವನ್ನೂ ಕೊಡಬೇಕು. ಇದನ್ನು ನಮ್ಮ ನೆರೆಯವರೇ ಮೊದಲು ಕಂಡುಕೊಂಡರು. ಹೊಸಪೇಟೆಯಿಂದ ರೈಲಿನಲ್ಲಿ ಕೊಪ್ಪಳವನ್ನು ದಾಟಿದರೆ ಗದಗ. ಅದರ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ರೈತರಿಗೆ ಸಾಲ ಕೊಡುವ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ಭಾರತದ ಮೊದಲನೆಯ ಕೃಷಿ ಸಹಕಾರ ಸಂಘವೆಂದು ಎಣಿಸಲ್ಪಡುತ್ತದೆ.

೫. ಇದು ನಮಗೆ ಹೇಗೆ ಸಲ್ಲುವದು? ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತುಂಟು. ಅಲ್ಲಿ ಒಬ್ಬಾಕೆಯ ಸಡಿಲ ಹೊಲಿಗೆಯು ಎಲ್ಲರ ಹೆಸರಿಗೂ ಕುಂದು. ಕಂಪ್ಲಿಯ ಭತ್ತದಲ್ಲಿ ಒಬ್ಬನು ಹಸಿ ಕಾಳು ಸೇರಿಸಿದರೂ ಹಾಗೆಯೇ. ಸಂಘವೆಂಬದು ರಸೀದಿ ಪುಸ್ತಕವಲ್ಲ. ನೆರೆಯವನ ಕೈಗೆ ನಮ್ಮ ಹೆಸರನ್ನೂ ನಮ್ಮ ಕೈಗೆ ಅವನ ಹೆಸರನ್ನೂ ಒಪ್ಪಿಸಿಕೊಡುವ ಒಡಂಬಡಿಕೆಯೇ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು: (ಅ) ನಮ್ಮ ಊರಿನ ಯಾವ ಬೆಳೆ ಅಥವಾ ಕಸುಬು ಊರಿನ ಹೆಸರಿನಿಂದ ಮಾರಲ್ಪಡಬಹುದು? (ಆ) ತೂಕದ ಕಟ್ಟೆಯಲ್ಲಿ ಸ್ವಂತ ನೆಂಟನ ಮೂಟೆಯನ್ನು ತಿರುಗಿಸುವ ಧೈರ್ಯ ನಮಗುಂಟೋ? (ಇ) ತಿರುಗಿಸಿದ ಮೇಲೆ ಅವನ ಕಷ್ಟದಲ್ಲಿ ಪಾಲುಗಾರರಾಗುವ ಮನಸ್ಸುಂಟೋ?